ಅಂಚಿನೊಳಗಿನ ಜೇಬು

ಹೋದ ಸಂಚಿಕೆಯಲ್ಲಿ, ಐರ್ಲೆಂಡಿನ ಮೊನಹನ್ ಕೌಂಟಿಯ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ನಾನು ಹನ್ನೊಂದು ವರ್ಷ ದಾದಿಯಾಗಿದ್ದ ಕಾಲದ ಸಂಗತಿಗಳನ್ನು ಬರೆದಿದ್ದೆ. ಮಧುಮೇಹಿಗಳ ಪಾದದ ಆರೈಕೆಯ ಬಗ್ಗೆ ಒಂದೂವರೆ ಪುಟ, ಅಲ್ಲಿದ್ದ ಒಬ್ಬ ಹಳೆಯ ಗಾಯಕಿಯ ಬಗ್ಗೆ ಎರಡು ಸಾಲು. ಅವರು ಶೋಬ್ಯಾಂಡಿನಲ್ಲಿ ‘ಕಂಟ್ರಿ’, ಅಂದರೆ ಅಮೆರಿಕದ ಹಳ್ಳಿಗಾಡಿನ ಧಾಟಿಯ ಹಾಡುಗಳನ್ನು ಹಾಡುತ್ತಿದ್ದರು, ವೇದಿಕೆ ಹತ್ತುವ ಮುಂಚೆ ಮದುವೆಯ ಉಂಗುರವನ್ನು ಬಚ್ಚಿಡುತ್ತಿದ್ದರು ಎಂದಷ್ಟೇ ಹೇಳಿದ್ದೆ. ಪಾದದ ಬಗ್ಗೆ ಒಂದು ಪತ್ರವೂ ಬಂದಿಲ್ಲ. ಉಂಗುರದ ಬಗ್ಗೆ ಬಂದ ಪತ್ರಗಳನ್ನು ಸಂಪಾದಕರು ಚೀಲದಲ್ಲಿ ತುಂಬಿ ಕಳಿಸಿದ್ದಾರೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅವರದೇ. ಅವರ ಹೆಸರನ್ನು ಮಾತ್ರ ಕೇಳಬೇಡಿ. ಮಕ್ಕಳು ಮೊಮ್ಮಕ್ಕಳು ಇರುವ ಮನೆ, ನಾನು ಅವರ ಔಷಧಿಯ ಪಟ್ಟಿ ನೋಡಿದವಳು. ‘ನಮ್ಮ ಗಾಯಕಿ’ ಎಂದೇ ಕರೆಯುತ್ತೇನೆ.

ಪ್ರಶ್ನೆ: ಶೋಬ್ಯಾಂಡ್ ಎಂದರೆ ನಮ್ಮ ವಾದ್ಯಗೋಷ್ಠಿಯ ಹಾಗೆಯೇ? ಅದರಲ್ಲಿ ಹೆಣ್ಣುಮಗಳ ಕೆಲಸ ಏನಿರುತ್ತಿತ್ತು? — ನಿವೃತ್ತ ಶಿಕ್ಷಕಿ

ಉತ್ತರ: ಹೆಚ್ಚು ಕಡಿಮೆ ಹಾಗೆಯೇ. ಆದರೆ ಅಲ್ಲಿ ಜನ ಕುಳಿತು ಕೇಳುವುದಿಲ್ಲ, ಕುಣಿಯುತ್ತಾರೆ. 1950ರ ದಶಕದವರೆಗೆ ಐರ್ಲೆಂಡಿನ ನೃತ್ಯಗೃಹಗಳಲ್ಲಿ ವಾದ್ಯದವರು ಕುರ್ಚಿಯ ಮೇಲೆ ಕುಳಿತು, ಮುಂದೆ ಸ್ವರಲಿಪಿಯ ಹಾಳೆ ಇಟ್ಟುಕೊಂಡು ಗಂಭೀರವಾಗಿ ನುಡಿಸುತ್ತಿದ್ದರು. ಸ್ಟ್ರಬೇನ್ ಊರಿನ ಕ್ಲಿಪರ್ ಕಾರ್ಲ್‌ಟನ್ ಎಂಬ ತಂಡ ಕುರ್ಚಿ ಬಿಟ್ಟು ಎದ್ದು ನಿಂತಿತು, ಹಾಡಿನ ನಡುವೆ ಅಣಕ ಮಾಡಿತು, ನಗಿಸಿತು. ಶೋಬ್ಯಾಂಡ್ ಎಂಬ ಹೆಸರು ಹುಟ್ಟಿದ್ದು ಅವರಿಂದ ಎನ್ನುತ್ತಾರೆ. ಆಮೇಲೆ ಸುಮಾರು ಇಪ್ಪತ್ತು ವರ್ಷ, 1970ರ ದಶಕದ ನಡುವಿನವರೆಗೆ, ಆ ಸಣ್ಣ ದೇಶದಲ್ಲಿ ನೂರಾರು ತಂಡಗಳು ಊರೂರು ಅಲೆದವು. ಏಳೆಂಟು ಗಂಡಸರು, ಒಂದೇ ಬಣ್ಣದ ಸೂಟು; ಗಿಟಾರ್, ಡ್ರಮ್ಸ್, ಮತ್ತೆ ಟ್ರಂಪೆಟ್, ಟ್ರಾಂಬೋನ್, ಸ್ಯಾಕ್ಸೋಫೋನ್‌ಗಳ ಊದುವ ಸಾಲು.

ನೃತ್ಯಗೃಹವೆಂದರೆ ಬಯಲಿನ ನಡುವೆ ಉಗ್ರಾಣದಂಥ ಕಟ್ಟಡ. ಹೊರಗೆ ಸೈಕಲ್ಲುಗಳ ರಾಶಿ. ಒಳಗೆ ಒಂದು ಗೋಡೆಗೆ ಗಂಡಸರು, ಎದುರು ಗೋಡೆಗೆ ಹೆಂಗಸರು. ಮದ್ಯ ಇಲ್ಲ, ಚಹಾ, ನಿಂಬೆ ಸೋಡಾದಂಥ ಪಾನೀಯ, ಬಿಸ್ಕತ್ತು, ಅಷ್ಟೇ. ಮೂರು ಹಾಡಿಗೆ ಒಂದು ಸುತ್ತು. ಮೂರನೆಯದು ಮುಗಿದ ಕೂಡಲೇ ‘ಮುಂದಿನ ನೃತ್ಯಕ್ಕೆ ದಯಮಾಡಿ’ ಎಂದು ಹೇಳುತ್ತಾರೆ. ಆಗ ಜೊತೆ ಬಿಟ್ಟು ತಮ್ಮ ತಮ್ಮ ಗೋಡೆಗೆ ಮರಳಬೇಕು, ಅಥವಾ ಗಂಡಸು ಧೈರ್ಯ ಮಾಡಿ ‘ಒಂದು ಚಹಾ ಕುಡಿಯುತ್ತೀಯಾ’ ಎಂದು ಕೇಳಬೇಕು. ಎಷ್ಟೋ ಮದುವೆಗಳು ನಿಶ್ಚಯವಾದದ್ದು ಆ ಚಹಾದಲ್ಲಿ.

ನಮ್ಮ ಗಾಯಕಿಯ ಕೆಲಸ ಏನಿತ್ತು ಎಂದರೆ, ರಾತ್ರಿ ಐದಾರು ಹಾಡು. ಉಳಿದ ಹೊತ್ತು ವೇದಿಕೆಯ ಬಲಗಡೆ ನಿಂತು ಟ್ಯಾಂಬೊರಿನ್ ಬಡಿಯುವುದು, ನಗುವುದು. ‘ಹಾಡಿದ್ದು ಅರ್ಧ ಗಂಟೆ, ನಕ್ಕಿದ್ದು ನಾಲ್ಕು ಗಂಟೆ’ ಎಂದು ಅವರೇ ಲೆಕ್ಕ ಹೇಳುತ್ತಿದ್ದರು. ನಗು ನಿಲ್ಲಿಸಿದರೆ ಬಾಗಿಲಲ್ಲಿ ನಿಂತ ಮಾಲೀಕ ಮರುದಿನ ಮ್ಯಾನೇಜರರಿಗೆ ಫೋನ್ ಮಾಡಿ ‘ಹುಡುಗಿಗೆ ಹುಷಾರಿಲ್ಲವೇ’ ಎಂದು ಕೇಳುತ್ತಿದ್ದನಂತೆ. ಎಪ್ಪತ್ತು ದಾಟಿದ ಮೇಲೂ ಅವರಿಗೆ ಆ ಅಭ್ಯಾಸ ಹೋಗಿರಲಿಲ್ಲ. ಭಾನುವಾರ ಮಧ್ಯಾಹ್ನ ಊಟದ ಕೋಣೆಯ ರೇಡಿಯೋದಲ್ಲಿ ಮೂರು ಹಾಡು ಸಾಲಾಗಿ ಬಂದರೆ, ಮೂರನೆಯದರ ಕೊನೆಗೆ, ಸೂಪಿನ ಚಮಚವನ್ನು ಕೆಳಗೂ ಇಡದೆ, ‘ಮುಂದಿನ ನೃತ್ಯಕ್ಕೆ ದಯಮಾಡಿ’ ಎನ್ನುತ್ತಿದ್ದರು. ಹೊಸದಾಗಿ ಸೇರಿದ ಹುಡುಗಿಯರು ಬುದ್ಧಿಭ್ರಮಣೆ ಎಂದು ದಾಖಲೆಯಲ್ಲಿ ಬರೆದುಬಿಟ್ಟಿದ್ದರು. ನಾನು ಅದನ್ನು ಹೊಡೆದುಹಾಕಿದೆ.

ಪ್ರಶ್ನೆ: ಉಂಗುರ ಏಕೆ ಬಚ್ಚಿಡಬೇಕಿತ್ತು? ಗಂಡನಿಗೆ ಗೊತ್ತಿತ್ತೇ? — ಮೂರು ಜನ ಇದನ್ನೇ ಕೇಳಿದ್ದಾರೆ. ಇಬ್ಬರು ಸ್ವಲ್ಪ ಕೋಪದಿಂದ

ಉತ್ತರ: ಗಂಡನಿಗೆ ಗೊತ್ತಿತ್ತು. ಗಂಡನೇ ಆ ಜೇಬು ಹೊಲಿದುಕೊಟ್ಟದ್ದು. ಆತ ದರ್ಜಿ.

ಆ ಉಡುಪನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಅವರ ಹಾಸಿಗೆಯ ಕೆಳಗೆ ಒಂದು ಕಂದು ಸೂಟ್‌ಕೇಸ್, ಅದರಲ್ಲಿ ತೆಳುಹಾಳೆಯಲ್ಲಿ ಸುತ್ತಿದ್ದ ತಿಳಿ ಹಸಿರು ಸ್ಯಾಟಿನ್ ಉಡುಪು, ಮೊಣಕಾಲಿನವರೆಗೆ ಬರುವಂಥದು. ಕಂಕುಳಲ್ಲಿ ಬೆವರಿನ ಕಲೆ ಹಳದಿಗಟ್ಟಿತ್ತು. ಕೆಳಗಿನ ಅಂಚನ್ನು ಮಡಚಿ ಹೊಲಿದ ಕಡೆ, ಎಡಗಡೆ, ಒಳಮಗ್ಗುಲಿಗೆ, ಅಂಚೆ ಚೀಟಿಯಷ್ಟು ಅಗಲದ ಒಂದು ಜೇಬು. ಮೇಲೆ ಒತ್ತುಗುಂಡಿ. ಹೊಲಿಗೆ ಎಷ್ಟು ಸಣ್ಣದೆಂದರೆ ಕನ್ನಡಕ ಹಾಕಿಕೊಂಡೂ ಬೆರಳಿನಿಂದ ಹುಡುಕಬೇಕಾಯಿತು. ಉಂಗುರದ ಭಾರಕ್ಕೆ ಅಂಚು ಒಂದು ಕಡೆ ಜೋಲಬಾರದೆಂದು ಬಲಗಡೆಗೂ ಒಂದು ಜೇಬು, ಅದರಲ್ಲಿ ಅಷ್ಟೇ ತೂಕದ ಸೀಸದ ಬಿಲ್ಲೆ. ದರ್ಜಿಯ ಬುದ್ಧಿ ನೋಡಿ.

ಏಕೆ ಎಂಬ ಪ್ರಶ್ನೆಗೆ ಉತ್ತರ ಟಿಕೆಟ್ಟಿನಲ್ಲಿದೆ. ನೃತ್ಯಗೃಹಕ್ಕೆ ಬರುತ್ತಿದ್ದ ಗಂಡಸರಲ್ಲಿ ಹೆಚ್ಚಿನವರು ಮದುವೆಯಾಗದ ರೈತರು. ಗಾಯಕಿ ಮದುವೆಯಾದವಳೆಂದು ಗೊತ್ತಾದರೆ ಮುಂದಿನ ವಾರ ಅವರು ಬೇರೆ ಹಾಲ್‌ಗೆ ಹೋಗುತ್ತಾರೆಂದು ಮ್ಯಾನೇಜರರ ನಂಬಿಕೆ. ಗಂಡು ಗಾಯಕರಿಗೂ ಇದೇ ಬುದ್ಧಿವಾದ ಹೇಳುತ್ತಿದ್ದರು, ಆದರೆ ಗಂಡಸರ ಹೊಟ್ಟೆ ಆರು ತಿಂಗಳಿಗೆ ಮುಂದೆ ಬರುವುದಿಲ್ಲವಲ್ಲ. ಇನ್ನೊಂದು ಮಾತು ನೆನಪಿಡಿ: ಐರ್ಲೆಂಡಿನಲ್ಲಿ ಆಗ ಸರಕಾರಿ ಕಚೇರಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳು ಮದುವೆಯಾದ ದಿನ ರಾಜೀನಾಮೆ ಕೊಡಬೇಕೆಂಬ ನಿಯಮವೇ ಇತ್ತು. ಅದನ್ನು ತೆಗೆದುಹಾಕಿದ್ದು 1973ರಲ್ಲಿ. ಸರಕಾರವೇ ಹಾಗಿರುವಾಗ ಬ್ಯಾಂಡಿನ ಮ್ಯಾನೇಜರರು ಸಂತರಾಗಿರಬೇಕಿತ್ತೇ?

ಅದೇ ಕಾಲದಲ್ಲಿ ವೇದಿಕೆಯ ಮೇಲೆ ಮದುವೆಯ ಉಡುಪು ಭರ್ಜರಿಯಾಗಿ ಓಡುತ್ತಿತ್ತು ಎಂಬುದು ಇದರೊಳಗಿನ ತಮಾಷೆ. ಡಬ್ಲಿನ್‌ನ ಐಲೀನ್ ರೀಡ್ ಎಂಬ ಗಾಯಕಿ ಕ್ಯಾಡೆಟ್ಸ್ ತಂಡದಲ್ಲಿದ್ದರು. ಗಂಡಸರೆಲ್ಲ ನೌಕಾದಳದ ಸಮವಸ್ತ್ರದಲ್ಲಿ, ಇವರ ತಲೆಯ ಮೇಲೆ ಜೇನುಗೂಡಿನಂತೆ ಎತ್ತರಕ್ಕೆ ಕಟ್ಟಿದ ಕೂದಲು. ತನ್ನ ಮದುವೆಯ ಉಡುಪನ್ನು ಬೇರೊಬ್ಬಳಿಗೆ ಕೊಟ್ಟುಬಿಟ್ಟ ಹುಡುಗಿಯ ಹಾಡೊಂದನ್ನು 1964ರಲ್ಲಿ ಹಾಡಿ ಐರಿಷ್ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೇಲೇರಿದರು. ಆ ಹಾಡಿಗೆ ವೇದಿಕೆಯ ಮೇಲೆ ಬಿಳಿ ಮದುವೆಯ ಉಡುಪು ತೊಟ್ಟುಕೊಂಡೇ ಬರುತ್ತಿದ್ದರು. ಮದುವೆ ಮುರಿದವಳ ವೇಷಕ್ಕೆ ಚಪ್ಪಾಳೆ, ನಿಜವಾಗಿ ಮದುವೆಯಾದವಳ ಉಂಗುರಕ್ಕೆ ಜೇಬು.

ಪ್ರಶ್ನೆ: ಸಂಬಳ ಎಷ್ಟು ಸಿಗುತ್ತಿತ್ತು? — ಬ್ಯಾಂಕ್ ಉದ್ಯೋಗಿ

ಉತ್ತರ: ಬ್ಯಾಂಕಿನವರು ಕೇಳಲೇಬೇಕಾದ ಪ್ರಶ್ನೆ. ಆಗ ಒಂದು ಪೌಂಡಿಗೆ ಇಪ್ಪತ್ತು ಶಿಲ್ಲಿಂಗ್. ಪ್ರವೇಶಧನ ಬ್ಯಾಂಡಿನ ಹೆಸರಿಗೆ ತಕ್ಕಂತೆ ಐದರಿಂದ ಹತ್ತು ಶಿಲ್ಲಿಂಗ್. ಹಾಲ್‌ಗೆ ಒಂದು ಸಾವಿರ ಜನ ಬಂದರೆಂದು ಇಟ್ಟುಕೊಳ್ಳಿ, ನೀವೇ ಗುಣಿಸಿ. ವಾಟರ್‌ಫರ್ಡಿನ ರಾಯಲ್ ಶೋಬ್ಯಾಂಡಿನಂಥ ದೊಡ್ಡವರು ಗೊತ್ತುಪಡಿಸಿದ ಮೊತ್ತ ಬೇಡ, ಬಾಗಿಲಲ್ಲಿ ಬಂದ ಹಣದಲ್ಲಿ ಪಾಲು ಕೊಡಿ ಎಂದು ಹಟ ಹಿಡಿದರು, ಗೆದ್ದರು. ಹಾಲ್‌ಗಳ ಮಾಲೀಕರೂ ಸೊರಗಲಿಲ್ಲ. ಅಣ್ಣನ ಜೊತೆ ಸೇರಿ ಹಳ್ಳಿಗಾಡಿನಲ್ಲಿ ನೃತ್ಯಗೃಹಗಳ ಸರಪಣಿಯನ್ನೇ ಕಟ್ಟಿದ ಆಲ್ಬರ್ಟ್ ರೆನಾಲ್ಡ್ಸ್ 1992ರಲ್ಲಿ ದೇಶದ ಪ್ರಧಾನಿಯಾದರು!

ನಮ್ಮ ಗಾಯಕಿಯದು ವಾರದ ಕೂಲಿ. ತಂಡದಲ್ಲಿ ಎರಡು ಜಾತಿ: ಪಾಲುದಾರರು ಮತ್ತು ಸಂಬಳದವರು. ತಂಡ ಕಟ್ಟುವಾಗ ಜೊತೆಗಿದ್ದ ಹುಡುಗರು ಪಾಲುದಾರರು. ಮ್ಯಾನೇಜರರು ಆಮೇಲೆ ‘ಒಬ್ಬಳು ಹುಡುಗಿ ಇರಲಿ’ ಎಂದು ಸೇರಿಸಿಕೊಂಡವಳು ಸಂಬಳದವಳು. ಇವರ ಹಾಡಿಗಾಗಿಯೇ ಜನ ಬರತೊಡಗಿದ ಮೇಲೂ ಅದು ಬದಲಾಗಲಿಲ್ಲ. ಉಡುಪು, ಬೂಟು, ಕೂದಲಿನ ಖರ್ಚು ಅವರದೇ. ಗಂಡಸರ ಸೂಟಿನ ಖರ್ಚು ತಂಡದ್ದು, ಏಕೆಂದರೆ ಅದು ಸಮವಸ್ತ್ರ! ಈ ಮಾತು ಹೇಳುವಾಗ ಮಾತ್ರ ಅವರ ದನಿ ಏರುತ್ತಿತ್ತು, ನಾನು ರಕ್ತದೊತ್ತಡದ ಪಟ್ಟಿಯನ್ನು ಅವರ ತೋಳಿನಿಂದ ಬಿಚ್ಚಿ ಐದು ನಿಮಿಷ ಬಿಟ್ಟು ಮತ್ತೆ ಕಟ್ಟುತ್ತಿದ್ದೆ.

ಪ್ರಶ್ನೆ: ಚರ್ಚ್ ಸುಮ್ಮನಿತ್ತೇ?

ಉತ್ತರ: ಸುಮ್ಮನಿರಲಿಲ್ಲ, ಬೇಸಿಗೆಯಲ್ಲಿ ಟಿಕೆಟ್ಟನ್ನೂ ಮಾರುತ್ತಿತ್ತು. ಹಳ್ಳಿಯ ಪಾದ್ರಿಗಳೇ ದೊಡ್ಡ ಡೇರೆ ಹಾಕಿಸಿ, ಬ್ಯಾಂಡ್ ಕರೆಸಿ, ಬಂದ ಹಣದಲ್ಲಿ ಚರ್ಚಿನ ಮಾಡು ರಿಪೇರಿ ಮಾಡಿಸುತ್ತಿದ್ದರು. 1935ರ ಕಾಯಿದೆಯ ಪ್ರಕಾರ ಸಾರ್ವಜನಿಕ ನೃತ್ಯಕ್ಕೆ ನ್ಯಾಯಾಲಯದಿಂದ ಪರವಾನಗಿ ಬೇಕಿತ್ತು. ಅದರ ಹಿಂದೆಯೂ ಪಾದ್ರಿಗಳ ಒತ್ತಾಸೆ ಇತ್ತು. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ನೃತ್ಯಗೃಹಗಳು ಮುಚ್ಚಿರುತ್ತಿದ್ದವು. ಬ್ಯಾಂಡುಗಳು ಏನು ಮಾಡುತ್ತಿದ್ದವು? ಹಡಗು ಹತ್ತಿ ಇಂಗ್ಲೆಂಡಿಗೆ ಹೋಗಿ, ಅಲ್ಲಿ ಕಟ್ಟಡ ಕಟ್ಟುತ್ತಿದ್ದ, ಆಸ್ಪತ್ರೆಗಳಲ್ಲಿ ದುಡಿಯುತ್ತಿದ್ದ ಐರಿಷರಿಗಾಗಿ ಹಾಡುತ್ತಿದ್ದವು. ಲಂಡನ್ನಿನ ಕ್ರಿಕಲ್‌ವುಡ್‌ನಲ್ಲಿ ಗಾಲ್ಟಿಮೋರ್ ಎಂಬ ಹಾಲ್ ಇತ್ತು. ಅಲ್ಲಿ ನಮ್ಮ ಗಾಯಕಿ ತಾಯಿಯ ಬಗ್ಗೆ ಒಂದು ಹಾಡು ಹಾಡಿದಾಗ ಮುಂದಿನ ಸಾಲಿನ ಹುಡುಗಿಯರು ಕುಣಿಯುವುದನ್ನು ಬಿಟ್ಟು ನಿಂತಲ್ಲೇ ಅತ್ತರಂತೆ, ಅವರಲ್ಲಿ ಹೆಚ್ಚಿನವರು ದಾದಿಯರು. ಇದನ್ನು ಕೇಳಿದ ದಿನ ನಾನು ಅವರ ಕೋಣೆಯಲ್ಲಿ ಹಾಸಿಗೆಯ ಬಟ್ಟೆ ಬದಲಾಯಿಸುತ್ತಿದ್ದೆ. ಅವರು ನನ್ನ ಮುಖ ನೋಡಿ ಹಾಡುವುದನ್ನು ನಿಲ್ಲಿಸಿದರು.

ಪ್ರಶ್ನೆ: ಅಮೆರಿಕದವರ ಹಾಡನ್ನು ನಕಲು ಮಾಡಿದವರ ಬಗ್ಗೆ ಇಷ್ಟು ಪುಟ ಹಾಳು ಮಾಡಬೇಕೇ? ಸ್ವಂತದ್ದು ಏನಿತ್ತು ಅವರಲ್ಲಿ? — ಸಂಗೀತಪ್ರೇಮಿ

ಉತ್ತರ: ಸಂಗೀತಪ್ರೇಮಿಗಳೇ, ನಿಮ್ಮ ಮಾತಿನಲ್ಲಿ ಅರ್ಧ ನಿಜ. ಆ ವಾರ ರೇಡಿಯೋದಲ್ಲಿ ಬಂದದ್ದನ್ನು ಮುಂದಿನ ವಾರ ಹಾಲ್‌ನಲ್ಲಿ ಹಾಡುವುದೇ ಶೋಬ್ಯಾಂಡಿನ ಕಸುಬು. ನಮ್ಮ ಗಾಯಕಿ ಪ್ಯಾಟ್ಸಿ ಕ್ಲೈನ್, ಕಿಟ್ಟಿ ವೆಲ್ಸ್ ಅವರ ಹಾಡುಗಳನ್ನೇ ಹಾಡುತ್ತಿದ್ದರು. ಅಮೆರಿಕದ ಕಂಟ್ರಿ ಗಾಯಕ ಜಿಮ್ ರೀವ್ಸ್ 1963ರಲ್ಲಿ ಸ್ವತಃ ಬಂದು ಐರ್ಲೆಂಡಿನ ಹಾಲ್‌ಗಳಲ್ಲಿ ಹಾಡಿದರು, ಪಿಯಾನೋಗಳು ಶ್ರುತಿಯಲ್ಲಿಲ್ಲ ಎಂದು ಸಿಡುಕಿದರು. ಆದರೂ ಜನ ಅವರನ್ನು ಈಗಲೂ ತಮ್ಮ ಊರಿನವರೆಂಬಂತೆ ನೆನೆಯುತ್ತಾರೆ.

ಇನ್ನರ್ಧ ಕೇಳಿ. ಅಮೆರಿಕದ ಹಾಡು ಅಲ್ಲಿಗೆ ಬಂದ ಮೇಲೆ ಅಕಾರ್ಡಿಯನ್ ಸೇರಿತು, ಲಯ ಜೋಡಿ ಕುಣಿತಕ್ಕೆ ಒಗ್ಗುವ ವಾಲ್ಟ್ಜ್ ಆಗಿಯೋ ಕ್ವಿಕ್‌ಸ್ಟೆಪ್ ಆಗಿಯೋ ಸಪಾಟಾಯಿತು, ಸಾಹಿತ್ಯದಲ್ಲಿ ಐರಿಷ್ ಊರುಗಳು ಬಂದವು. ವಲಸೆ ಹೋದ ಮಗ, ಒಲೆಯ ಮುಂದೆ ಕುಳಿತ ತಾಯಿ, ಮಣ್ಣಾದ ಅಪ್ಪ. ಇದಕ್ಕೆ ಅಲ್ಲಿಯ ಜನ ‘ಕಂಟ್ರಿ ಆ್ಯಂಡ್ ಐರಿಷ್’ ಎಂದು ಜೋಡಿ ಹೆಸರಿಟ್ಟರು. ಪಟ್ಟಣದ ಪತ್ರಕರ್ತರು ಮೂಗು ಮುರಿದರು. ಮೊನಹನ್ ಕೌಂಟಿಯ ಕ್ಯಾಸಲ್‌ಬ್ಲೇನಿ ಎಂಬ ಪುಟ್ಟ ಊರು ಇದರ ತವರಾಯಿತು. ಬಿಗ್ ಟಾಮ್ ಎಂಬ ಧಾರಾಳ ಮೈಯ ಗಾಯಕ ಅಲ್ಲಿಯವರು.

ಹೆಂಗಸರ ಪಾಲಿಗೆ ಇದರಲ್ಲಿ ಇನ್ನೊಂದು ತೊಡಕಿತ್ತು, ಇದು ಶ್ರುತಿಯದು. ನಮ್ಮ ಗಾಯಕಿಯ ಸೂಟ್‌ಕೇಸಿನಲ್ಲಿ ಒಂದು ನೋಟ್‌ಬುಕ್ಕೂ ಇತ್ತು. ಎಡ ಪುಟದಲ್ಲಿ ಹಾಡಿನ ಸಾಹಿತ್ಯ, ಮೇಲೆ ಮೂಲೆಯಲ್ಲಿ ಎರಡು ಶ್ರುತಿ: ಒಂದು ಶಾಯಿಯಲ್ಲಿ, ಒಂದು ಪೆನ್ಸಿಲ್ಲಿನಲ್ಲಿ. ಪೆನ್ಸಿಲ್ಲಿನದು ಅವರ ಗಂಟಲಿಗೆ ಒಗ್ಗುವ ಶ್ರುತಿ. ಶಾಯಿಯದು ನಿಜವಾಗಿ ಹಾಡಿದ ಶ್ರುತಿ. ಬಹಳಷ್ಟು ಹಾಡಿಗೆ ಶಾಯಿಯಲ್ಲಿ ‘ಬಿ ಫ್ಲಾಟ್’ ಎಂದಿತ್ತು, ನಮ್ಮ ಹಾರ್ಮೋನಿಯಂನವರ ಲೆಕ್ಕದಲ್ಲಿ ಕಪ್ಪು ಐದು. ಟ್ರಂಪೆಟ್, ಟ್ರಾಂಬೋನ್‌ಗಳಿಗೆ ಅದು ತವರುಮನೆಯಂಥ ಶ್ರುತಿ. ಊದುವವರ ಹಾಳೆಗಳನ್ನು ಗಂಡು ಗಾಯಕನ ಗಂಟಲಿಗೆ ಬರೆದಿಟ್ಟಿರುತ್ತಿದ್ದರು. ಇವರಿಗಾಗಿ ಕಪ್ಪು ಎರಡಕ್ಕೆ ಬದಲಾಯಿಸಬೇಕೆಂದರೆ ಯಾರಾದರೂ ಕುಳಿತು ಮೂರು ಹಾಳೆ ಹೊಸದಾಗಿ ಬರೆಯಬೇಕು. ಯಾರೂ ಬರೆಯಲಿಲ್ಲ. ಹಾಗಾಗಿ ಗಂಡಸಿನ ಶ್ರುತಿಯಲ್ಲೇ, ಎದೆಯ ಆಳದಿಂದ ದನಿ ತೆಗೆದು ಹಾಡಿದರು. ಕೇಳಿದವರು ‘ಎಂಥ ದುಃಖ ತುಂಬಿದ ಕಂಠ’ ಎಂದರು. ನಕಲು ಮಾಡಿದರೆಂದು ಹೇಳುವ ಮುಂಚೆ, ಸ್ವಾಮಿ, ಒಮ್ಮೆ ನಿಮ್ಮದಲ್ಲದ ಶ್ರುತಿಯಲ್ಲಿ ಐದು ರಾತ್ರಿ ಹಾಡಿ ನೋಡಿ.

ಪ್ರಶ್ನೆ: ಹೆಸರು ಮಾಡಿದ ಗಾಯಕಿಯರು ಯಾರು? ಅವರಾದರೂ ಮದುವೆಯ ನಂತರ ಹಾಡಿದರೇ? — ಕಾಲೇಜು ವಿದ್ಯಾರ್ಥಿನಿ

ಉತ್ತರ: ಹಾಡಿದರು, ಮತ್ತು ಹೇಗೆ ಹಾಡಿದರು ಎಂಬುದರಲ್ಲೇ ಗುಟ್ಟಿದೆ.

ಫಿಲೋಮಿನಾ ಬೆಗ್ಲಿ ಟೈರೋನ್ ಕೌಂಟಿಯ ಪಾಮರಾಯ್ ಹಳ್ಳಿಯವರು. ಕುಕ್ಸ್‌ಟೌನ್‌ನ ಟೋಪಿ ಕಾರ್ಖಾನೆಯಲ್ಲಿ ಕೆಲಸ. 1960ರ ದಶಕದಲ್ಲಿ ಆರ್ಡ್‌ಬೋದ ಒಂದು ಕೇಲಿ ತಂಡಕ್ಕೆ, ಅಂದರೆ ಜಾನಪದ ಕುಣಿತಕ್ಕೆ ನುಡಿಸುವ ತಂಡಕ್ಕೆ, ಹಾಡುಗಾರ್ತಿಯಾಗಿ ಸೇರಿದರು. ಗಾಳಿ ಬೀಸುವ ದಿಕ್ಕು ನೋಡಿ ತಂಡ ‘ಕಂಟ್ರಿ ಫ್ಲೇವರ್’ ಎಂದು ಹೆಸರು ಬದಲಿಸಿಕೊಂಡಿತು. 1974ರಲ್ಲಿ ಅಕಾರ್ಡಿಯನ್ ನುಡಿಸುವ ಟಾಮ್ ಕ್ವಿನ್ ಅವರನ್ನು ಮದುವೆಯಾದರು. ಬಚ್ಚಿಟ್ಟುಕೊಳ್ಳಲಿಲ್ಲ. ಅದೇ ಕಾಲದಲ್ಲಿ ಸ್ವಂತ ತಂಡ ಕಟ್ಟಿ ‘ಫಿಲೋಮಿನಾ ಬೆಗ್ಲಿ ಮತ್ತು ರ‍್ಯಾಂಬ್ಲಿನ್ ಮೆನ್’ ಎಂದು ಹೆಸರಿಟ್ಟರು. ಅದಾದ ಮೇಲೆ, 1975ರಲ್ಲಿ, ಅವರ ಅತಿ ದೊಡ್ಡ ಯಶಸ್ಸಿನ ಹಾಡು ಬಂತು. ಗಂಡ ಹೆಂಡತಿ ಹಿಂದಿನ ಪ್ರೇಮದ ದಿನಗಳಿಗೆ ಮರಳಲು ನೆಲದ ಮೇಲೆ ಕಂಬಳಿ ಹಾಸಿಕೊಳ್ಳುವ ಹಾಡು. ಗಮನಿಸಿ, ಮದುವೆಯಾದ ಹೆಂಗಸಿನ ಹಾಡು.

ಮಾರ್ಗೋ ಅವರದು ಡೊನೆಗಾಲ್ ಕೌಂಟಿಯ ಕಿನ್‌ಕಾಸ್ಲಾ. ಕೀನೋಟ್ಸ್ ಎಂಬ ಶೋಬ್ಯಾಂಡಿನಲ್ಲಿ ಹಾಡತೊಡಗಿದಾಗ ಇನ್ನೂ ಶಾಲೆಗೆ ಹೋಗುವ ಹುಡುಗಿ, 1964ರ ಸುಮಾರು. ಮೊದಲ ಧ್ವನಿಮುದ್ರಿಕೆ ಬಂದದ್ದು 1968ರಲ್ಲಿ. ಅದೇ ವರ್ಷ ಅಪ್ಪ ತೀರಿಕೊಂಡರು. ಆಮೇಲೆ ಅವರ ತಂಡದಲ್ಲಿ ಗಿಟಾರ್ ಹಿಡಿದು ಹಿಂದೆ ನಿಂತ ತಮ್ಮನೊಬ್ಬ ಇದ್ದ, ಡ್ಯಾನಿಯಲ್ ಓಡೊನಲ್. ಇವತ್ತು ಆತ ಜಗತ್ಪ್ರಸಿದ್ಧ. ಬಹಳ ಜನ ಮಾರ್ಗೋ ಅವರನ್ನು ‘ಡ್ಯಾನಿಯಲ್‌ನ ಅಕ್ಕ’ ಎಂದು ಪರಿಚಯಿಸುತ್ತಾರೆ. ನಮ್ಮ ಗಾಯಕಿಯ ಮುಂದೆ ಹಾಗೆ ಹೇಳಿದವರಿಗೆ ಚೆನ್ನಾಗಿ ಮಂಗಳಾರತಿಯಾಗುತ್ತಿತ್ತು.

ದಕ್ಷಿಣ ಅರ್ಮಾದ ಸೂಸನ್ ಮಕ್ಯಾನ್ 1977ರಲ್ಲಿ ಪಟ್ಟಿಯ ತುದಿಗೇರಿದರು. ಯಾವ ಹಾಡಿನಿಂದ ಬಲ್ಲಿರಾ? ಬಿಗ್ ಟಾಮ್ ಇನ್ನೂ ರಾಜನೇ ಎಂದು ಹೊಗಳುವ ಹಾಡಿನಿಂದ. ಹೆಂಗಸು ಮೊದಲ ಸ್ಥಾನಕ್ಕೆ ಹೋಗಬೇಕಾದರೂ ಗಂಡಸಿಗೆ ಕಿರೀಟ ತೊಡಿಸುತ್ತ ಹೋಗಬೇಕಾಯಿತು. ಆದರೆ ಹೋದವರು ಇಳಿಯಲಿಲ್ಲ, ದಶಕಗಳ ಕಾಲ ಹಾಡಿದರು. ಕಂಟ್ರಿಯಲ್ಲದ ಕಡೆ, ಡೇವ್ ಗ್ಲೋವರ್ ತಂಡದ ಮ್ಯೂರಿಯಲ್ ಡೇ 1969ರಲ್ಲಿ ಯೂರೋವಿಷನ್ ಎಂಬ, ಯೂರೋಪಿನ ದೇಶಗಳ ನಡುವಿನ ಹಾಡಿನ ಸ್ಪರ್ಧೆಯಲ್ಲಿ ಐರ್ಲೆಂಡಿನ ಪರವಾಗಿ ಹಾಡಿದ ಮೊದಲ ಮಹಿಳೆಯಾದರು.

ಇಷ್ಟೆಲ್ಲ ನೋಡಿದ ಮೇಲೆ ನನಗನ್ನಿಸುವುದು ಇಷ್ಟು: ಕಂಠ ಎಲ್ಲರಿಗೂ ಇತ್ತು. ಉಳಿದವರು ಯಾರೆಂದರೆ ತಂಡದ ಹೆಸರಿನಲ್ಲಿ ತಮ್ಮ ಹೆಸರನ್ನು ಮುಂದೆ ಇಟ್ಟವರು. ತಂಡದ ಹೆಸರು ಬೇರೆಯವರದಾದರೆ ಹುಡುಗಿಯನ್ನು ಬದಲಾಯಿಸಬಹುದು, ಹಳೆಯ ಉಡುಪನ್ನು ಹೊಸಬಳಿಗೆ ಕೊಡಬಹುದು. ತಂಡದ ಹೆಸರೇ ಫಿಲೋಮಿನಾ ಎಂದಿದ್ದರೆ ಫಿಲೋಮಿನಾಳನ್ನು ತೆಗೆದುಹಾಕುವವರು ಯಾರು? ಕಂಟ್ರಿಯ ಜನ ಒಂದು ಮಟ್ಟಿಗೆ ನಿಯತ್ತಿನವರು ಎಂಬುದೂ ನಿಜ. ಪಾಪ್ ಹಾಡಿಗೆ ಕುಣಿದ ಹುಡುಗರು ಡಿಸ್ಕೋಗೆ ಹೋದರು. ಕಂಟ್ರಿ ಕೇಳಿದವರು ಗಾಯಕಿಯ ಜೊತೆಗೇ ಮದುವೆಯಾದರು, ಮಕ್ಕಳನ್ನು ಹೆತ್ತರು, ದಪ್ಪಗಾದರು.

ಪ್ರಶ್ನೆ: ರಾತ್ರಿಯಿಡೀ ಎಂಟು ಗಂಡಸರ ಜೊತೆ ವ್ಯಾನಿನಲ್ಲಿ ಪ್ರಯಾಣ. ಹೆದರಿಕೆ ಇರಲಿಲ್ಲವೇ? — ಒಬ್ಬ ತಾಯಿ

ಉತ್ತರ: ವ್ಯಾನಿನೊಳಗಿನವರ ಬಗ್ಗೆ ಅವರು ಒಂದು ಮಾತೂ ಕೆಟ್ಟದಾಗಿ ಹೇಳಲಿಲ್ಲ. ಚಾಲಕನ ಪಕ್ಕದ ಸೀಟು ಇವರದು, ಹೀಟರ್ ಇದ್ದದ್ದು ಅಲ್ಲಿ ಮಾತ್ರ. ಹೆಂಗಸರಿಗೆ ಬೇರೆ ಕೋಣೆ ಇರುತ್ತಿರಲಿಲ್ಲ. ಪ್ರೇಕ್ಷಕರ ಶೌಚಾಲಯದಲ್ಲೇ, ಲಿಪ್‌ಸ್ಟಿಕ್ ಹಚ್ಚಿಕೊಳ್ಳುತ್ತಿದ್ದ ಹುಡುಗಿಯರ ನಡುವೆ, ಉಡುಪು ಬದಲಾಯಿಸಬೇಕಿತ್ತು. ಅಲ್ಲಿ ಉಂಗುರ ನೋಡಿದವರು ಎಷ್ಟೋ ಜನ. ಒಬ್ಬಳೂ ಹೊರಗೆ ಬಾಯಿ ಬಿಡಲಿಲ್ಲವಂತೆ.

ಹೆದರಿಕೆ ಬಂದದ್ದು ಹೊರಗಿನಿಂದ. ಮೊನಹನ್ ಗಡಿನಾಡು, ವಾರದಲ್ಲಿ ಮೂರು ಸಲ ಬ್ರಿಟನ್ನಿನ ಆಳ್ವಿಕೆಯ ಉತ್ತರ ಐರ್ಲೆಂಡಿಗೆ ಹೋಗಿ ಬರಬೇಕು. ಅಲ್ಲಿ ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಪಂಥಗಳ ನಡುವೆ ಗಲಭೆ ಭುಗಿಲೆದ್ದ 1969ರ ನಂತರ ಗಡಿಯಲ್ಲಿ ಸೈನಿಕರ ತಪಾಸಣೆ ಮಾಮೂಲಾಯಿತು. 1975ರ ಜುಲೈ 31ರ ನಸುಕಿನಲ್ಲಿ, ಬ್ಯಾನ್‌ಬ್ರಿಜ್‌ನಲ್ಲಿ ಹಾಡಿ ಡಬ್ಲಿನ್‌ಗೆ ಮರಳುತ್ತಿದ್ದ ಮಯಾಮಿ ಶೋಬ್ಯಾಂಡಿನ ವ್ಯಾನನ್ನು ನ್ಯೂರಿಯ ಸಮೀಪ ಸೈನಿಕರ ಸಮವಸ್ತ್ರದಲ್ಲಿದ್ದವರು ತಡೆದರು. ಅದು ಸುಳ್ಳು ತಪಾಸಣೆ. ತಡೆದವರು ಯು.ವಿ.ಎಫ್. ಎಂಬ, ಬ್ರಿಟನ್ ಪರವಾದ ಪ್ರೊಟೆಸ್ಟೆಂಟ್ ಶಸ್ತ್ರಧಾರಿ ಗುಂಪಿನವರು, ಕೆಲವರು ಬ್ರಿಟಿಷ್ ಸೇನೆಯ ಸ್ಥಳೀಯ ದಳದಲ್ಲೂ ಇದ್ದವರು. ವ್ಯಾನಿನಲ್ಲಿ ಇಡಲು ಹೋದ ಬಾಂಬು ಅವರ ಕೈಯಲ್ಲೇ ಸಿಡಿದು ಇಬ್ಬರು ಸತ್ತರು, ಉಳಿದವರು ಗುಂಡು ಹಾರಿಸಿದರು. ಫ್ರಾನ್ ಓಟೂಲ್, ಟೋನಿ ಗೆರಾಟಿ, ಬ್ರಯಾನ್ ಮಕಾಯ್ ಎಂಬ ಮೂವರು ಸಂಗೀತಗಾರರು ತೀರಿಕೊಂಡರು. ತಂಡದಲ್ಲಿ ಎರಡೂ ಪಂಥದವರಿದ್ದರು.

ಆ ರಾತ್ರಿ ನಮ್ಮ ಗಾಯಕಿ ಮನೆಯಲ್ಲಿದ್ದರು. 1970ರಲ್ಲೇ ಮೊದಲ ಮಗು ಹೊಟ್ಟೆಯಲ್ಲಿದ್ದಾಗ ಐದನೆಯ ತಿಂಗಳವರೆಗೆ ಹಾಡಿ, ಉಡುಪಿನ ಸೊಂಟ ಬಿಚ್ಚಲು ದರ್ಜಿಗೂ ಬಟ್ಟೆ ಉಳಿಯದಾದಾಗ ಬಿಟ್ಟಿದ್ದರು. ಮ್ಯಾನೇಜರರು ‘ವಿಶ್ರಾಂತಿ ತೆಗೆದುಕೋ’ ಎಂದರಂತೆ. ಮುಂದಿನ ಶುಕ್ರವಾರ ಪೋಸ್ಟರಿನಲ್ಲಿ ಬೇರೆ ಹುಡುಗಿ. ಮಯಾಮಿಯ ಸುದ್ದಿ ಬಂದ ಬೆಳಿಗ್ಗೆ ಅವರು ಮಗುವಿಗೆ ಗಂಜಿ ಉಣಿಸುತ್ತಿದ್ದರು. ಹಳೆಯ ತಂಡದ ಹುಡುಗರ ಮನೆಗಳಿಗೆ ಒಂದೊಂದಾಗಿ ಫೋನ್ ಮಾಡಿದರಂತೆ, ಎಲ್ಲರೂ ಮನೆ ಸೇರಿದ್ದಾರೆಯೇ ಎಂದು. ಅದಾದ ಮೇಲೆ ದಕ್ಷಿಣದ ಬ್ಯಾಂಡುಗಳು ಉತ್ತರಕ್ಕೆ ಹೋಗಲು ಹಿಂಜರಿದವು. ಅಷ್ಟರಲ್ಲಿ ಹೋಟೆಲುಗಳಲ್ಲಿ ಮದ್ಯದ ಪರವಾನಗಿಯ ಜೊತೆ ಸಂಗೀತವೂ ಸಿಗತೊಡಗಿತ್ತು. ನಿಂಬೆ ಸೋಡಾದ ಹಾಲ್‌ಗಳು ಒಂದೊಂದಾಗಿ ಪೀಠೋಪಕರಣದ ಅಂಗಡಿಗಳಾದವು.

ಪ್ರಶ್ನೆ: ಅವರು ಮತ್ತೆ ಹಾಡಲೇ ಇಲ್ಲವೇ?

ಉತ್ತರ: ಹಾಡಿದರು. ಮಕ್ಕಳು ಶಾಲೆಗೆ ಹೋಗುವಂತಾದ ಮೇಲೆ, ಒಂದು ಹೋಟೆಲಿನ ಕುಡಿಯುವ ಕೋಣೆಯ ಮೂಲೆಯಲ್ಲಿ, ಶನಿವಾರ ರಾತ್ರಿ. ಮೂರೇ ಜನ: ಅಕಾರ್ಡಿಯನ್, ಡ್ರಮ್ಸ್, ಇವರು. ಊದುವವರಿಲ್ಲ, ಹಾಗಾಗಿ ಶ್ರುತಿ ಪೆನ್ಸಿಲ್ಲಿನದು. ದನಿ ಮೇಲೇರಿದಾಗ ಹಳೆಯ ಅಭಿಮಾನಿಯೊಬ್ಬ ಬಂದು ‘ನಿನ್ನ ಕಂಠ ಹಾಳಾಗಿದೆ, ಮೊದಲಿನ ದುಃಖ ಇಲ್ಲ’ ಎಂದನಂತೆ. ಇದನ್ನು ಹೇಳಿ ಅವರು ಎಷ್ಟು ನಕ್ಕರೆಂದರೆ ಹಲ್ಲಿನ ಸೆಟ್ಟು ಜಾರಿತು.

ಒಂದು ಮಾತು ಬಿಟ್ಟಿದ್ದೆ. ನಾನು ಕೆಲಸ ಬಿಡುವ ಹಿಂದಿನ ವಾರ ಅವರು ಸೂಟ್‌ಕೇಸ್ ತೆಗೆಸಿ ಆ ಹೋಟೆಲಿನ ಪೋಸ್ಟರ್ ತೋರಿಸಿದರು. ನಾಲ್ಕು ಮಡಿಕೆ, ಮಡಿಕೆಗಳಲ್ಲಿ ಹರಿದಿತ್ತು. ಮೇಲೆ ದಪ್ಪ ಕೆಂಪು ಅಕ್ಷರದಲ್ಲಿ ಅವರ ಪೂರ್ತಿ ಹೆಸರು, ಗಂಡನ ಮನೆತನದ ಹೆಸರಿನ ಸಮೇತ. ಅದರ ಕೆಳಗೆ, ಸಣ್ಣದಾಗಿ, ‘ಮತ್ತು ಸಂಗಡಿಗರು’. ‘ಈ ಅಕ್ಷರ ಎಷ್ಟು ದೊಡ್ಡದಿದೆ, ಅಳೆದು ಹೇಳು’ ಎಂದರು. ಗಾಯ ಅಳೆಯುವ ಕಾಗದದ ಪಟ್ಟಿ ನನ್ನ ಜೇಬಿನಲ್ಲೇ ಇತ್ತು. ಒಂಬತ್ತು ಸೆಂಟಿಮೀಟರ್ ಎಂದೆ. ‘ಸಂಗಡಿಗರದ್ದು?’ ಎಂದರು. ಎರಡೂವರೆ.

‘ಬರೆದುಕೋ’ ಎಂದರು.